ಆರುವ ದಣಿವು, ಆರದ ದಣಿವು: ಎರಡಕ್ಕೂ ಒಂದೇ ಪದವೇ?

ಎಲ್ಲರಿಗೂ ನಮಸ್ಕಾರ.

ನಮ್ಮ ಸೈಕಲ್ ಗುಂಪಿನ ಹೊಸಬರಿಗೆಂದು ಕನ್ನಡದಲ್ಲಿ ಒಂದು ಟಿಪ್ಪಣಿ ಬರೆಯುತ್ತಿದ್ದೇನೆ. ‘ಬ್ರೆವೆ’ ಎಂಬ ದೂರದ ಸವಾರಿಗಳಿಗೆ ತಯಾರಾಗುತ್ತಿರುವವರು ಇವರು. 200 ಕಿ.ಮೀ.ಗೆ 13 ಗಂಟೆ 30 ನಿಮಿಷ, 600ಕ್ಕೆ 40 ಗಂಟೆ ಗಡುವು. ಬರವಣಿಗೆ ಸಲೀಸಾಗಿ ಸಾಗಿತ್ತು, ‘ಓವರ್‌ಟ್ರೇನಿಂಗ್’ ಹತ್ತಿರ ಬಂದು ನಿಂತಿತು. ಮೈ ತಾಳುವುದಕ್ಕಿಂತ ಹೆಚ್ಚು ಅಭ್ಯಾಸ ಮಾಡಿ, ಬೇಗ ಆರದಂತೆ ಸೋತುಹೋಗುವುದಕ್ಕೆ ಆ ಹೆಸರು. ‘ಅತಿತರಬೇತಿ’ ಎಂದು ಬರೆದೆ. ಓದಿದ ಹುಡುಗನೊಬ್ಬ, “ಜಾಸ್ತಿ ದಿನದ ಕೋಚಿಂಗಾ ಸಾರ್?” ಎಂದ. ಹೊಡೆದುಹಾಕಿದೆ.

ಇದು ಬರೀ ಪದದ ತಕರಾರಲ್ಲ. ನಾನೇ ಒಮ್ಮೆ 400 ಮುಗಿಸಿದ ಎರಡನೇ ವಾರಕ್ಕೆ 600ಕ್ಕೆ ಹೊರಟವನು. ಆಮೇಲೆ ತಿಂಗಳುಗಟ್ಟಲೆ ಎಲ್ಲರಿಗೂ ‘ಸುಸ್ತು’ ಎಂದೇ ಹೇಳಿದೆ. ಅಮ್ಮ ಹೊಟ್ಟೆಗೆ ಸಾಲದು ಎಂದುಕೊಂಡರು, ನಾನು ಅಭ್ಯಾಸ ಸಾಲದು ಎಂದುಕೊಂಡು ಇನ್ನಷ್ಟು ತುಳಿದೆ.

ಕ್ರೀಡಾವೈದ್ಯರು ಇಲ್ಲಿ ಎರಡು ಹಂತ ಹೇಳುತ್ತಾರೆ. ‘ಓವರ್‌ರೀಚಿಂಗ್’ ಕೆಲವು ದಿನ, ಹೆಚ್ಚೆಂದರೆ ಕೆಲವು ವಾರ ಬಿಡುವು ಕೊಟ್ಟರೆ ಇಳಿಯುತ್ತದೆ. ‘ಓವರ್‌ಟ್ರೇನಿಂಗ್’ ತಿಂಗಳುಗಳ ಬಾಬತ್ತು: ಮೈ ಸೋತಿದ್ದರೂ ನಿದ್ದೆ ಬಾರದು, ಊಟ ಸೇರದು, ಸಣ್ಣದಕ್ಕೂ ಸಿಡುಕು, ನಿನ್ನೆ ಮೊನ್ನೆ ಹತ್ತಿದ ಏರೇ ಬೆಟ್ಟವಾಗುತ್ತದೆ. ಬೆಳಗಿನ ನಾಡಿಬಡಿತ ಒಬ್ಬರಿಗೆ ಏರುತ್ತದೆ, ಇನ್ನೊಬ್ಬರಿಗೆ ಏರುವುದೇ ಇಲ್ಲ. ಅದೊಂದನ್ನೇ ನಂಬುವಂತಿಲ್ಲ. ರಕ್ತಹೀನತೆ, ಥೈರಾಯ್ಡ್ ಇಲ್ಲವೆಂದು ಮೊದಲು ನೋಡಿಕೊಂಡ ಮೇಲೆಯೇ ಈ ಹೆಸರು.

ನನ್ನ ತರ್ಕ ಹೀಗೆ. ಕನ್ನಡದಲ್ಲಿ ‘ದಣಿವು’ ಆರುತ್ತದೆ. ಮರದ ನೆರಳಲ್ಲಿ ಕೂತು ‘ದಣಿವಾರಿಸಿಕೊಳ್ಳುತ್ತೇವೆ’. ‘ಮನದಣಿಯೆ’, ‘ಕಣ್ದಣಿಯೆ’ ಎನ್ನುವಾಗ ಅದರಲ್ಲಿ ತೃಪ್ತಿಯೂ ಇದೆ. (ಅದು ‘ತಣಿ’ಯೇ ‘ದಣಿ’ ಆದದ್ದೋ, ಬೇರೆ ಪದವೋ, ಬಲ್ಲವರು ತಿಳಿಸಿ.) ಹಾಗಾಗಿ ಓವರ್‌ರೀಚಿಂಗ್‌ಗೆ ‘ದಣಿವು’ ಒಪ್ಪುತ್ತದೆ. ‘ಆಯಾಸ’ ಬೇಡ, ‘ಅನಾಯಾಸ’ದಲ್ಲಿ ಕಾಣುವಂತೆ ಅದು ಪ್ರಯಾಸಕ್ಕೂ ಸಲ್ಲುತ್ತದೆ, ಪಟ್ಟ ಶ್ರಮ ಯಾವುದು, ಅದರ ಫಲ ಯಾವುದು ಎಂದು ಬೇರ್ಪಡುವುದಿಲ್ಲ.

ಆರದೆ ಉಳಿದದ್ದಕ್ಕೆ ‘ಬಳಲಿಕೆ’ ಎನ್ನಬಹುದೇ? ‘ಜ್ವರದಿಂದ ಬಳಲು’ ಎನ್ನುತ್ತೇವಲ್ಲ, ಕಾಯಿಲೆಯ ಛಾಯೆ ಅದರಲ್ಲಿ ಆಗಲೇ ಇದೆ. ಆದರೆ ‘ದಾರಿ ನಡೆದು ಬಳಲಿ ಬಂದ’ ಎಂಬ ಬಳಕೆಯೂ ಉಂಟು, ಅಲ್ಲಿ ನನ್ನ ವಾದ ಕುಂಟುತ್ತದೆ. ‘ಸೊರಗು’ ಎಂದರೆ ಮೈ ಇಳಿದದ್ದು ಮಾತ್ರ ಕಣ್ಣಿಗೆ ಬರುತ್ತದೆ.

‘ಟ್ರೇನಿಂಗ್’ಗೆ ಮಾತ್ರ ಗರಡಿಮನೆಯ ‘ತಾಲೀಮು’ ಹಿಡಿದಿದ್ದೇನೆ. ಮೂರು ವಾರ ತಾಲೀಮು ಏರಿಸಿ ನಾಲ್ಕನೆಯ ವಾರ ಇಳಿಸುವುದಕ್ಕೆ, ಹೊಲದ ಮಾತಿನಿಂದ, ‘ಬೀಳು ವಾರ’ ಎಂದಿಟ್ಟೆ. ‘ಬೀಳು’ ಕೇಳಿ ಸೈಕಲ್ಲಿನಿಂದ ಬೀಳುವುದು ನೆನಪಾದೀತೆಂಬ ಅಳುಕಿದೆ.

ಜಗ್ಗಿ ಜಗ್ಗಿ ಸೋತು, ವಾರ ಕಟ್ಟಿಹಾಕಿ ಮೇವಿಟ್ಟರೂ ನೊಗಕ್ಕೆ ಹೆಗಲು ಕೊಡದ ಎತ್ತಿಗೆ ನಿಮ್ಮ ಕಡೆ ಏನನ್ನುತ್ತಾರೆ? ತಾಲೀಮು ಅತಿಯಾಗಿ ಕೆಟ್ಟ ಪೈಲ್ವಾನನಿಗೆ?