ಪದ ಬೇಕಿತ್ತು: ಎದುರಿಗೆ ಮಾಡುತ್ತಾ ಹೇಳಿಕೊಡೋದಕ್ಕೆ ಏನಂತೀರಿ?

ಚಿಕ್ಕಮಗಳೂರಿನಿಂದ:
ಎಲ್ಲರಿಗೂ ನಮಸ್ಕಾರ. ಒಂದು ಪದ ಬೇಕು, ಅದೂ ಇವತ್ತು ಸಂಜೆ 5ರೊಳಗೆ. ನಮ್ಮ ಶಾಲೆಯಲ್ಲಿ 6, 7ನೇ ತರಗತಿಗೆ ವಾರಕ್ಕೊಂದು ಭಾಷಣದ ಪೀರಿಯಡ್ ಇದೆ. ಈ ಸಲ ಬಾಯಿಪಾಠದ ಭಾಷಣ ಬೇಡ ಅಂದಿದ್ದೇನೆ. ತಮಗೆ ಬರುವ ಒಂದು ಕೆಲಸವನ್ನು ಎಲ್ಲರೆದುರು ಮಾಡುತ್ತಾ, ಹೇಗೆ ಮಾಡೋದು ಅಂತ ಮಕ್ಕಳು ಹೇಳಬೇಕು. 3ರಿಂದ 5 ನಿಮಿಷ. ಒಬ್ಬಳು ಫಿಲ್ಟರಿನಲ್ಲಿ ಡಿಕಾಕ್ಷನ್ ಇಳಿಸುತ್ತಾಳೆ, ಒಬ್ಬ ಬುಗುರಿಗೆ ಚಾಟಿ ಸುತ್ತುತ್ತಾನೆ. ಶನಿವಾರ ಅಪ್ಪ ಅಮ್ಮಂದಿರು ನೋಡಲು ಬರುತ್ತಾರೆ. ಎಂ.ಜಿ. ರಸ್ತೆಯ ಫ್ಲೆಕ್ಸ್ ಅಂಗಡಿಯವರು ಹೆಸರು ಕೇಳಿ ಎರಡು ಸಲ ಫೋನ್ ಮಾಡಿದರು. 'ಡೆಮೊ ಸ್ಪೀಚ್' ಅಂತ ಹಾಕಿಸೋಕೆ ಮನಸ್ಸಿಲ್ಲ. 'ಪ್ರಾತ್ಯಕ್ಷಿಕೆ' ಅಂದರೆ ಮಕ್ಕಳು ಅರ್ಧಕ್ಕೇ ತಡವರಿಸುತ್ತಾರೆ.

ಹಾಸನದಿಂದ:
ಇದರಲ್ಲಿ ಕೇಳೋದೇನಿದೆ? ಪ್ರಾತ್ಯಕ್ಷಿಕೆ. ಹೊಲದಲ್ಲಿ 'ಪ್ರಾತ್ಯಕ್ಷಿಕೆ ತಾಕು' ಅಂತ ಕೃಷಿ ಇಲಾಖೆ ಬೋರ್ಡ್ ನೆಡುತ್ತದೆ, ರೈತರು ಓದುತ್ತಾರೆ. ಯಕ್ಷಗಾನದವರೂ ಬಳಸುತ್ತಾರೆ. ಮಕ್ಕಳ ನಾಲಿಗೆ ಹೊರಳದಿದ್ದರೆ ಹೊರಳಿಸೋದು ಮೇಷ್ಟ್ರ ಕೆಲಸ.

ಸಕಲೇಶಪುರದಿಂದ:
'ಅಕ್ಷ' ಅಂದರೆ ಕಣ್ಣು. ಕಣ್ಣೆದುರು ಇರೋದಷ್ಟೇ ಆ ಪದದಲ್ಲಿದೆ. ಕೈಯೂ ಇಲ್ಲ, ಬಾಯಿಯೂ ಇಲ್ಲ. ನಮ್ಮದೇ 'ತೋರು' ಇದೆಯಲ್ಲ. ಹಳಗನ್ನಡದಲ್ಲಿ ಶಕಟರೇಫ ಅನ್ನೋ ಹಳೆಯ 'ಱ' ಅಕ್ಷರ ಹಾಕಿ 'ತೋಱು' ಅಂತಿದ್ದರು. ತಮಿಳಿನಲ್ಲಿ ತೋನ್ಱು, ಮಲಯಾಳದಲ್ಲಿ ತೋನ್ನು. ಎಲ್ಲ ಒಂದೇ ಬೇರು. 'ಮಾಡಿತೋರಿಕೆ' ಅಂತ ಹಾಕಿಸಿ, ಮುಗೀತು.

ಹಾಸನದಿಂದ:
'ಬರೀ ತೋರಿಕೆಗೆ ಅತ್ತ' ಅಂತೀವಲ್ಲ, ಆ ತೋರಿಕೆನಾ? ಮಕ್ಕಳು ಸುಳ್ಳುಸುಳ್ಳೇ ಮಾಡ್ತಾರೆ ಅಂತ ಫ್ಲೆಕ್ಸ್ ಹಾಕಿಸಿದಂಗೆ ಆಗುತ್ತೆ.

ಬೇಲೂರಿನಿಂದ:
'ಮಾಡಿತೋರುವ ಭಾಷಣ' ಆಗಲ್ವಾ?

ಹಾಸನದಿಂದ:
ಅರಿಸಮಾಸ. ಕನ್ನಡ ಪದಕ್ಕೆ ಸಂಸ್ಕೃತ ಪದ ಬೆಸೆದಿದ್ದೀರಿ.

ಬೇಲೂರಿನಿಂದ:
ಸ್ವಾಮಿ, ಮೊದಲಿಗೆ ಅದು ಸಮಾಸವೇ ಅಲ್ಲ. ಸಮಾಸ ಅಂತಲೇ ಇಟ್ಟುಕೊಳ್ಳಿ, ಪೂರ್ವಪದ ಕೃದಂತ, ಅಂದರೆ ಧಾತುವಿನಿಂದ ಆದದ್ದು, ಹಾಗಾಗಿ ಗಮಕ ಸಮಾಸ. ಗಮಕಕ್ಕೆ ಅರಿದೋಷ ಹೇಳೋದಿಲ್ಲ. ಸುಮ್ನೆ ಹೆದರಿಸಬೇಡಿ.

ಸಕಲೇಶಪುರದಿಂದ:
ಅಂತೂ ಬಾಲಕ್ಕೆ 'ಭಾಷಣ' ಕಟ್ಟಿಯೇಬಿಟ್ಟಿರಿ. ಸಂಸ್ಕೃತ ಇಲ್ಲದೆ ಒಂದು ಬೋರ್ಡೂ ಬರೆಯೋಕಾಗಲ್ಲ ಅನ್ನಿ.

ಬೇಲೂರಿನಿಂದ:
ಹಲ್ಮಿಡಿ ನಮ್ಮ ತಾಲ್ಲೂಕೇ. ಆ ಶಾಸನ ಸುಮಾರು ಕ್ರಿ.ಶ. 450ರದ್ದು. ಶುರುವಾಗೋದೇ 'ಜಯತಿ' ಅಂತ, ಸಂಸ್ಕೃತ ಶ್ಲೋಕದಿಂದ. ಮುಂದಿನ ಕನ್ನಡದಲ್ಲೂ ಸಂಸ್ಕೃತ ಪದ ತುಂಬಿವೆ. ಅದನ್ನೂ ತಿದ್ದಿಬಿಡಿ.

ಸಕಲೇಶಪುರದಿಂದ:
ಅದು ಆಳುವವರು ಬರೆಸಿದ್ದು. ಊರಿನವರ ಮಾತಲ್ಲ.

ಬೇಲೂರಿನಿಂದ:
ಊರಿನವರು ಕುರ್ಚಿ ಅಂತಾರೆ, ಅದು ಅರಬ್ಬಿ. ನಿಮ್ಮ ತೋಟದ ಕಾಫಿಗೂ ಅಚ್ಚಗನ್ನಡ ಪದ ಹುಡುಕಿ. ಸಿಗುವವರೆಗೆ ಕುಡಿಯಬೇಡಿ.

ಸಕಲೇಶಪುರದಿಂದ:
ಕಾಫಿ ಗಿಡ ಇಲ್ಲಿರಲಿಲ್ಲ, ಬಂತು. ಹೆಸರೂ ಜೊತೆಗೇ ಬಂತು. ತೋರಿಸೋದು ಹೊರಗಿಂದ ಬಂದಿದ್ದಾ? ನಮ್ಮಜ್ಜಿ ರೊಟ್ಟಿ ತಟ್ಟೋದನ್ನ ತೋರಿಸಿಯೇ ಕಲಿಸಿದ್ದು, ಪ್ರಾತ್ಯಕ್ಷಿಕೆ ಕೊಡಲಿಲ್ಲ. ಇಲ್ಲದ್ದನ್ನು ತರೋದು ಬೇರೆ, ಇದ್ದದ್ದನ್ನು ಕಿತ್ತುಹಾಕೋದು ಬೇರೆ.

ಚಿಕ್ಕಮಗಳೂರಿನಿಂದ:
ದಯವಿಟ್ಟು, ಗಂಟೆ ಮೂರೂವರೆ ಆಯ್ತು. ಅಜ್ಜಿಯ ಮಾತು ಒಪ್ಪಿದೆ. ಆದರೆ ನನ್ನ ತರಗತಿಯಲ್ಲಿ ತೋರಿಸಿದರಷ್ಟೇ ಸಾಲದು, ಬಾಯಿಬಿಟ್ಟು ಹೇಳಲೂ ಬೇಕು. ಕಷ್ಟ ಅಲ್ಲೇ ಇರೋದು.

ಊಟದ ನಂತರ ಒಂದು ಸಲ ಅಭ್ಯಾಸ ಮಾಡಿಸಿದೆ. ಬುಗುರಿ ಹುಡುಗ ನಮಸ್ಕಾರ ಎಲ್ಲ ಚೆನ್ನಾಗಿ ಹೇಳಿದ. ಚಾಟಿ ಕೈಗೆ ಬಂದ ಕೂಡಲೇ ಬಾಯಿ ಕಟ್ಟಿಹೋಯಿತು. ಒಂದು ತುದಿಯನ್ನು ಮೊಳೆಗೆ ಒತ್ತಿ ಹಿಡಿದು, ಸುತ್ತಿನ ಪಕ್ಕಕ್ಕೆ ಸುತ್ತು ಏರಿಸುತ್ತಾ ಹೋದ. ಗಂಟು ಹಾಕಿದ ಇನ್ನೊಂದು ತುದಿ ಬೆರಳ ಸಂದಿಯಲ್ಲಿ. ಕೆಲಸ ಎಷ್ಟು ಚೊಕ್ಕ ಅಂತೀರಿ! ಮಾತು ಮಾತ್ರ 'ಹಿಂಗೆ, ಆಮೇಲೆ ಹಿಂಗೆ' ಅಷ್ಟೇ. ಆಗ ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಕೂಗಿದಳು, 'ಲೋ, ಮಾಡ್ತಾ ಹೇಳೋ!' ಅವನು ಅರ್ಧಕ್ಕೆ ನಿಲ್ಲಿಸಿ, ಚಾಟಿ ಬಿಚ್ಚಿ, ಮೊದಲಿಂದ ಸುತ್ತಿದ. 'ಮೊದಲನೇ ಸುತ್ತು ಸಡಿಲ ಆದ್ರೆ ಬುಗುರಿ ತಿರುಗಲ್ಲ, ಮಲಗಿಬಿಡುತ್ತೆ' ಅಂದ. ಅದಕ್ಕೇ ಅಲ್ವಾ ನಾನು ಈ ತರಗತಿ ಇಟ್ಟುಕೊಂಡಿದ್ದು.

ಕೈ, ಬಾಯಿ ಎರಡೂ ಆ ಹುಡುಗಿಯ ಮಾತಿನಲ್ಲಿವೆ. 'ಮಾಡುತ್ತಾ ಹೇಳು' ಅಂತಲೇ ಕೊಡುತ್ತಿದ್ದೇನೆ. ಆಫೀಸಿನ ಕಡತದಲ್ಲಿ ಪ್ರಾತ್ಯಕ್ಷಿಕೆ ಇರಲಿ, ಯಾರೂ ಜೋರಾಗಿ ಓದಬೇಕಿಲ್ಲ.

ಹಾಸನದಿಂದ:
ಅದು ಕ್ರಿಯಾಪದ. ಕಾರ್ಯಕ್ರಮಕ್ಕೆ ನಾಮಪದ ಬೇಕು. ಪ್ರತಿಭಾ ಕಾರಂಜಿಯಲ್ಲಿ 'ಆಶುಭಾಷಣ' ಇದೆ, 'ತಕ್ಷಣ ಮಾತಾಡು' ಅಂತ ಇಲ್ಲ.

ಬೇಲೂರಿನಿಂದ:
'ಹೊಂದಿಸಿ ಬರೆಯಿರಿ' ಏನು ಮತ್ತೆ? ಪ್ರಶ್ನೆಪತ್ರಿಕೆಯಲ್ಲಿ ಅದೇ ಹೆಸರಾಗಿ ಕೂತಿದೆ. 'ಹೊಂದಿಸಿ ಬರೆಯಿರಿಯಲ್ಲಿ ಎರಡು ತಪ್ಪಾಯ್ತು' ಅಂತ ವಿಭಕ್ತಿ ಹಚ್ಚಿಯೇ ಹೇಳ್ತಾರೆ ಮಕ್ಕಳು.

ಸಕಲೇಶಪುರದಿಂದ:
ಮಾಡು, ಹೇಳು. ಎರಡೂ ಕನ್ನಡ. ನನ್ನದೇನೂ ತಕರಾರಿಲ್ಲ.

ಹಾಸನದಿಂದ:
'ತಕರಾರು' ಯಾವ ಊರಿನ ಕನ್ನಡವೋ. ಇರಲಿ, ಹಾಕಿಸಿ. ಆದರೆ 'ಮಾಡುತ್ತ'. ದೀರ್ಘ ಬೇಡ.

ಚಿಕ್ಕಮಗಳೂರಿನಿಂದ:
ಪ್ರಿಂಟ್ ಆಗಿಹೋಯ್ತು ಸರ್. ದೀರ್ಘ ಇದೆ.