ಸಹಾಯ ಬೇಕು: ಕಪ್ಪು ಕಾಟನ್ ಟೀ ಶರ್ಟಿಗೆ ಯಾವ ಟ್ರಾನ್ಸ್‌ಫರ್ ತಗೊಳ್ಳಲಿ?

ಎಲ್ಲರಿಗೂ ನಮಸ್ಕಾರ. ಹೀಟ್ ಪ್ರೆಸ್ (ಟ್ರಾನ್ಸ್‌ಫರ್ ಹಾಳೆಯಲ್ಲಿರುವ ಚಿತ್ರವನ್ನು ಬಿಸಿ ಮಾಡಿ ಒತ್ತಿ ಬಟ್ಟೆಗೆ ಹಿಡಿಸುವ ಯಂತ್ರ) ತೆಗೆದುಕೊಂಡು ಎರಡು ತಿಂಗಳಾಯಿತು. ಈಗ ಒಂದು ಕಡೆ ಸಿಕ್ಕಿಹಾಕಿಕೊಂಡಿದ್ದೇನೆ.

ಮೊದಲು ಸಬ್ಲಿಮೇಶನ್ (ಬಿಸಿಗೆ ಬಣ್ಣ ಆವಿಯಾಗಿ ಬಟ್ಟೆಯ ಎಳೆಯೊಳಗೆ ಇಳಿಯುವ ವಿಧಾನ) ಪ್ರಯತ್ನಿಸಿದೆ. 200 ಡಿಗ್ರಿ ಸೆಲ್ಸಿಯಸ್, 50 ಸೆಕೆಂಡ್. ಬಿಳಿ ಪಾಲಿಯೆಸ್ಟರ್ ಮೇಲೆ ತುಂಬಾ ಚೆನ್ನಾಗಿ ಬಂತು, ಕೈಗೆ ಪದರವೇ ಸಿಗುವುದಿಲ್ಲ. ಆದರೆ ಆ ಬಣ್ಣ ಕಾಟನ್‌ಗೆ ಹಿಡಿಯುವುದಿಲ್ಲ, ಕಪ್ಪು ಬಟ್ಟೆಯ ಮೇಲೆ ಕಾಣುವುದೂ ಇಲ್ಲ. ನನಗೆ ಬೇಕಿರುವುದು ಕಪ್ಪು ಕಾಟನ್ ಮೇಲೆ ಫೋಟೋ.

ಆಮೇಲೆ ಇಂಕ್‌ಜೆಟ್ ಪ್ರಿಂಟರಿನಲ್ಲಿ ಪಿಗ್ಮೆಂಟ್ ಇಂಕ್ ಹಾಕಿ ಡಾರ್ಕ್ ಟ್ರಾನ್ಸ್‌ಫರ್ ಪೇಪರ್ (ಗಾಢ ಬಣ್ಣದ ಬಟ್ಟೆಗೆಂದೇ ಇರುವ ಹಾಳೆ) ಬಳಸಿದೆ. ಕನ್ನಡಿ ಪ್ರತಿಬಿಂಬ ಮಾಡದೆ ನೇರವಾಗಿಯೇ ಪ್ರಿಂಟ್ ಮಾಡಿದೆ. ಹಿಂದಿನ ಹಾಳೆ ಸುಲಿದು, ಚಿತ್ರ ಮೇಲ್ಮುಖವಾಗಿಟ್ಟು, ಮೇಲೆ ಬಟರ್ ಪೇಪರ್ ಹಾಕಿ ಒತ್ತಿದೆ. ತೇವ ಹೋಗಲಿ ಅಂತ ಬಟ್ಟೆಯನ್ನು ಮೊದಲೇ 5 ಸೆಕೆಂಡ್ ಒತ್ತಿದ್ದೆ. ಅಂಟಿತು, ಆದರೆ ರಬ್ಬರ್ ಹಾಳೆ ಇದ್ದ ಹಾಗೆ ದಪ್ಪ. ನಾಲ್ಕನೇ ಒಗೆತಕ್ಕೆ ಬಿರುಕು. ಒತ್ತಡ ಜಾಸ್ತಿ ಮಾಡಿ ನೋಡಿದೆ, ಪೇಪರ್ ಬದಲಿಸಿದೆ, ಒಳಮಗ್ಗಲು ಮಾಡಿ ತಣ್ಣೀರಲ್ಲಿ ಒಗೆದೆ. ಬಿರುಕು ಬರುವುದು ಸ್ವಲ್ಪ ತಡವಾಯಿತು ಅಷ್ಟೇ. ಬೇರೆಯವರಿಗೆ ಕೊಡುವ ಶರ್ಟ್ ಹೀಗಾದರೆ ಮನಸ್ಸಿಗೆ ತುಂಬಾ ಬೇಜಾರು.

ಈಗ ರೆಡಿ ಡಿಟಿಎಫ್ ಫಿಲ್ಮ್ (ಡೈರೆಕ್ಟ್ ಟು ಫಿಲ್ಮ್, ಅಂದರೆ ಚಿತ್ರವನ್ನು ಮೊದಲು ಪ್ಲಾಸ್ಟಿಕ್ ಹಾಳೆಯ ಮೇಲೆ ಪ್ರಿಂಟ್ ಮಾಡಿ ಆಮೇಲೆ ಬಟ್ಟೆಗೆ ಒತ್ತುವುದು) ಮಾಡಿಸಿ ತರಿಸೋಣ ಅನ್ನಿಸುತ್ತಿದೆ. ಅದರಲ್ಲಿ ಬಿಳಿ ಇಂಕಿನ ಪದರ, ಅಂಟಿನ ಪುಡಿ ಎರಡೂ ಇರುತ್ತವೆ, ಕಾಟನ್‌ಗೂ ಹಿಡಿಯುತ್ತದೆ ಅಲ್ವಾ? ಗೊಂದಲ ಇರುವುದು ಫಿಲ್ಮಿನಲ್ಲಿ. ಹಾಟ್ ಪೀಲ್ (ಒತ್ತಿದ ಮೇಲೆ ಬಿಸಿಯಿರುವಾಗಲೇ ಸುಲಿಯುವುದು), ಕೋಲ್ಡ್ ಪೀಲ್ (ತಣ್ಣಗಾದ ಮೇಲೆ ಸುಲಿಯುವುದು) ಎರಡೂ ಸಿಗುತ್ತವೆ.

ಇವೆರಡರಲ್ಲಿ ಕಪ್ಪು ಕಾಟನ್ ಮೇಲಿನ ಫೋಟೋಗೆ ಹೆಚ್ಚು ಒಗೆತ ತಡೆಯುವುದು ಯಾವುದು? ಸುಲಿದ ಮೇಲೆ ಎರಡನೇ ಸಲ ಎಷ್ಟು ಸೆಕೆಂಡ್ ಒತ್ತುತ್ತೀರಿ? ಬಳಸಿ ನೋಡಿದವರು ದಯವಿಟ್ಟು ತಿಳಿಸಿ.