ಅಪ್‌ಡೇಟ್: ಬೈಪಾಸ್ ಆದ ನಂತರ ಪ್ರಾರ್ಥನೆಗೆ ಒಪ್ಪದಿದ್ದ ನನ್ನ ಯಜಮಾನರ ಬಗ್ಗೆ

ಬೈಪಾಸ್ ಶಸ್ತ್ರಚಿಕಿತ್ಸೆಯಾಗಿ ಮನೆಗೆ ಬಂದ ನನ್ನ ಯಜಮಾನರು, ಪ್ರಾರ್ಥಿಸೋಣ ಎಂದರೆ ಗೋಡೆಯ ಕಡೆಗೆ ಮುಖ ತಿರುಗಿಸುತ್ತಾರೆ, ಏನು ಮಾಡಲಿ ಎಂದು ಐದು ವಾರಗಳ ಹಿಂದೆ ಕೇಳಿದ್ದೆ. ಉತ್ತರಿಸಿದ ಎಲ್ಲರಿಗೂ ಮನಸಾರೆ ವಂದನೆಗಳು.

ಒತ್ತಾಯ ಬೇಡ, ಸ್ತುತಿಗಿಂತ ಮೊದಲು ಸತ್ಯವೇದದ (ಬೈಬಲ್‌ನ) ಪ್ರಲಾಪದ ಕೀರ್ತನೆಗಳನ್ನು, ಅಂದರೆ ದೇವರ ಮುಂದೆ ನೋವು ತೋಡಿಕೊಳ್ಳುವ ಹಾಡುಗಳನ್ನು ಓದಿ ಎಂದು ಸಹೋದರಿಯೊಬ್ಬರು ಬರೆದಿದ್ದರು. ಅದರಂತೆ, ಯಜಮಾನರು ಉಸಿರಾಟದ ವ್ಯಾಯಾಮದ ಸಾಧನವಾದ ಸ್ಪೈರೋಮೀಟರಿನ ಮೂರು ಚೆಂಡುಗಳನ್ನು ಮೇಲೇರಿಸಲು ಉಸಿರೆಳೆದು, ದಿಂಬನ್ನು ಎದೆಗೆ ಅವುಚಿಕೊಂಡು ಕೆಮ್ಮಿ, ಸುಸ್ತಾಗಿ ಒರಗಿದಾಗ, ನಾನು ಪಕ್ಕದಲ್ಲಿ ಕುಳಿತು ಆರೇ ವಚನಗಳ 13ನೇ ಕೀರ್ತನೆಯನ್ನು ಮೆಲ್ಲಗೆ ಓದತೊಡಗಿದೆ. ಇನ್ನೆಷ್ಟು ಕಾಲ ಎಂದು ದೇವರನ್ನೇ ಕೇಳುವ ಕೀರ್ತನೆಯದು. ನಾಲ್ಕನೆಯ ದಿನ ಅವರು ಕಣ್ಣು ತೆರೆಯದೆಯೇ, "ಇನ್ನೊಮ್ಮೆ ಓದು" ಎಂದರು.

ಹೃದಯದ ಶಸ್ತ್ರಚಿಕಿತ್ಸೆಯ ನಂತರ ಮನಸ್ಸು ಕುಗ್ಗುವುದು ಅನೇಕರಲ್ಲಿ ಕಾಣುವ ತೊಂದರೆಯೆಂದು ವೈದ್ಯರು ತಿಳಿಸಿದರು. ಅದನ್ನು ನಾನು ಅವಿಶ್ವಾಸವೆಂದು ಎಣಿಸಿದ್ದಕ್ಕೆ ಯಜಮಾನರ ಕೈ ಹಿಡಿದು ಕ್ಷಮೆ ಕೇಳಿದೆ. ಈಗ ಆಪ್ತಸಮಾಲೋಚನೆಯೂ ನಡೆಯುತ್ತಿದೆ, ಮಾತ್ರೆಗಳನ್ನು ಒಂದು ಹೊತ್ತೂ ತಪ್ಪಿಸಿಲ್ಲ. ಸತ್ಯವೇದದಲ್ಲಿರುವ ಯಾಕೋಬನ ಪತ್ರಿಕೆಯ 5ನೇ ಅಧ್ಯಾಯದಲ್ಲಿ ಹೇಳಿರುವಂತೆ ಸಭೆಯ ಹಿರಿಯರು ಮನೆಗೆ ಬಂದು, ಅವರ ಒಪ್ಪಿಗೆ ಕೇಳಿ, ಎಣ್ಣೆ ಹಚ್ಚಿ ಪ್ರಾರ್ಥಿಸಿದರು. ಹೆಚ್ಚು ಮಾತನಾಡದೆ ಹತ್ತೇ ನಿಮಿಷದಲ್ಲಿ ಹೊರಟದ್ದು ನನಗೆ ತುಂಬಾ ಹಿಡಿಸಿತು.

ಎದೆಯೆಲುಬು ಇನ್ನೂ ಕೂಡಿಕೊಳ್ಳುತ್ತಿರುವುದರಿಂದ ಭಾರ ಎತ್ತುವಂತಿಲ್ಲ. ದೊಡ್ಡಕ್ಷರದ ಸತ್ಯವೇದವನ್ನು ನಾನೇ ಹಿಡಿದುಕೊಳ್ಳುತ್ತೇನೆ. ಕಳೆದ ಭಾನುವಾರದಿಂದ ಓದುವವರು ಅವರು.